ಹಳೆ ಸಬ್‌ಮರೀನ್ ಹೊಸದು ಮಾಡಬೇಕಾ? ಮೊದಲು ತೊಲೆ ತಟ್ಟಿ ನೋಡಿ

ಮೊನ್ನೆ ಮಳೆಗೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಇನ್ವರ್ಟರ್ ಕೂಡ ಕೈಕೊಟ್ಟಿತ್ತು. ಕಾರವಾರ ಸುತ್ತಿ ಬಂದಿದ್ದ ತಂಗಿ ಮಗ ಆ ಕತ್ತಲಲ್ಲೇ ಕೇಳಿದ, "ಮಾವ, ಹಳೆ ಸಬ್‌ಮರೀನ್‌ಗೆ ಹೊಸ ಮಿಸೈಲ್ ಕೂರಿಸಿದ್ರೆ ಹೊಸದಾಯ್ತಲ್ವಾ?" ಆಗಲ್ಲ ಮಾರಾಯ.

ಮೊದಲು ಒಡಲು ನೋಡಿ. ಹೆಂಚಿನ ಮನೆಗೆ ಹೊಸ ಬಣ್ಣ ಬಳಿಯುವ ಮುಂಚೆ ತೊಲೆಗೆ ಗೆದ್ದಲು ಹಿಡಿದಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ, ಹಾಗೆ. ನೀರಿನ ಒತ್ತಡ ತಡೆಯುವುದು ಒಡಲಿನ ಉಕ್ಕು. ಮುಳುಗಿ ಎದ್ದಷ್ಟೂ ಅದು ದಣಿಯುತ್ತದೆ. ತುಕ್ಕು, ಬಿರುಕು ಜಾಸ್ತಿ ಇದ್ದರೆ ಸುಮ್ನೆ ದುಡ್ಡು ಸುರಿಯಬೇಡಿ.

ಆಮೇಲೆ ಕರೆಂಟು. ಅಸಲಿ ವಿಷಯ ಇರುವುದೇ ಇಲ್ಲಿ. ಡೀಸೆಲ್ ಸಬ್‌ಮರೀನ್ ಅಂದರೆ ಜನರೇಟರ್, ಇನ್ವರ್ಟರ್ ಎರಡೂ ಇರುವ ಮನೆ. ನೀರೊಳಗೆ ಬ್ಯಾಟರಿ ಮೇಲೆ ಸದ್ದಿಲ್ಲದೆ ಓಡುತ್ತದೆ, ಬ್ಯಾಟರಿ ಇಳಿದರೆ ಮೇಲೆ ಬಂದು ಸ್ನಾರ್ಕೆಲ್ ಕೊಳವೆ ಚಾಚಿ, ಗಾಳಿ ಎಳೆದುಕೊಂಡು, ಡೀಸೆಲ್ ಎಂಜಿನ್ ಶುರು ಮಾಡಲೇಬೇಕು. ನಮ್ಮೂರಲ್ಲಿ ಜನರೇಟರ್ ಗುಡುಗಿದರೆ ಯಾರ ಮನೆಯದು ಅಂತ ಇಡೀ ಕೇರಿಗೆ ಗೊತ್ತಾಗುತ್ತದೆ. ಅಲ್ಲಿ ಕಿವಿಗೊಟ್ಟು ಕೂತಿರುವವನು ಶತ್ರು.

ಇದಕ್ಕೆ ಮದ್ದು ಎರಡು. ಒಂದು ಎಐಪಿ, ಹೊರಗಿನ ಗಾಳಿ ಇಲ್ಲದೆ ಕರೆಂಟ್ ಮಾಡುವ ವ್ಯವಸ್ಥೆ. ಇದೇ ಬಲದಲ್ಲಿ ಜರ್ಮನಿಯ ಯು-32 ಸಬ್‌ಮರೀನ್ 2013ರಲ್ಲಿ 18 ದಿನ ಮೇಲೆ ಬರದೆ ಸಾಗಿತ್ತು. ಆದರೆ ನಿಧಾನಕ್ಕೆ ಹೋದರೆ ಮಾತ್ರ ಈ ಲೆಕ್ಕ. ಜೋರಾಗಿ ಓಡಬೇಕಾದರೆ ಮತ್ತೆ ಬ್ಯಾಟರಿಯೇ ಗತಿ. ಇನ್ನೊಂದು ಲಿಥಿಯಂ ಬ್ಯಾಟರಿ. ಜಪಾನ್ 2020ರಲ್ಲಿ ಸೇವೆಗೆ ಇಳಿಸಿದ ಓರ್ಯು ಸಬ್‌ಮರೀನ್‌ನಲ್ಲಿ ಎಐಪಿಯನ್ನೇ ಬಿಟ್ಟು ಇದನ್ನು ಹಾಕಿತು. ನಮ್ಮವರು ನೌಕಾಪಡೆಯ ಕಲ್ವರಿ ವರ್ಗದ ಸಬ್‌ಮರೀನ್‌ಗಳಿಗೆ ಡಿಆರ್‌ಡಿಒ ಮಾಡಿದ ಎಐಪಿ ಆರಿಸಿದ್ದಾರೆ, 2024ರ ಡಿಸೆಂಬರ್‌ನಲ್ಲಿ ಮುಂಬೈನ ಹಡಗುಕಟ್ಟೆ ಮಜಗಾಂವ್ ಡಾಕ್ ಜೊತೆ ಒಪ್ಪಂದವೂ ಆಯಿತು. ಕೆಲಸ ಸಣ್ಣದಲ್ಲ: ಒಡಲನ್ನು ಅಡ್ಡ ಕೊಯ್ದು, ನಡುವೆ ಹೊಸ ತುಂಡು ಕೂರಿಸಿ, ಮತ್ತೆ ಬೆಸೆಯಬೇಕು. ಹಾಗಾಗಿ ದೊಡ್ಡ ರೀಫಿಟ್‌ಗೆ, ಅಂದರೆ ಪೂರ್ತಿ ರಿಪೇರಿಗೆ, ಹೇಗೂ ಬಿಚ್ಚುತ್ತೀರಲ್ಲ, ಆಗಲೇ ಮಾಡಿ.

ನೀರೊಳಗಿನ ಸದ್ದಿನಿಂದ ಪತ್ತೆ ಹಚ್ಚುವ ಸೋನಾರ್, ಟಾರ್ಪಿಡೊ, ಮಿಸೈಲ್ ಎಲ್ಲ ಅದೇ ಸಲಕ್ಕೆ ಮುಗಿಸಿ.

ಆದರೆ ಇರುವ ಸಬ್‌ಮರೀನ್‌ಗಳನ್ನೆಲ್ಲ ಒಟ್ಟಿಗೆ ಡಾಕ್‌ಗೆ ಎಳೆಯಬೇಡಿ, ಸಮುದ್ರದಲ್ಲಿ ಯಾರಿರುತ್ತಾರೆ? ನಮ್ಮದೇ ಸಬ್‌ಮರೀನ್ ಐಎನ್‌ಎಸ್ ಸಿಂಧುಕೀರ್ತಿ 2006ರಲ್ಲಿ ರಿಪೇರಿಗೆ ವಿಶಾಖಪಟ್ಟಣದ ಯಾರ್ಡ್ ಸೇರಿದ್ದು, ಹೊರಬಂದದ್ದು 2015ಕ್ಕೆ. ಬ್ಯಾಟರಿ, ಕೇಬಲ್, ವಾಲ್ವ್ ಎಲ್ಲ ಮೊದಲೇ ತರಿಸಿ ಗೋಡೌನ್‌ನಲ್ಲಿ ಇಟ್ಟುಕೊಳ್ಳಿ, ಸಬ್‌ಮರೀನನ್ನು ಆಮೇಲೆ ಕರೆಸಿ.