ರಸ್ತೆಯ ಹಿಂದೆ ಹುಟ್ಟಿಕೊಂಡ ಸುಳ್ಳು ಕೆರೆ

ಸಣ್ಣ ಹಳ್ಳದ ನೆರೆ ನಕ್ಷೆಯಲ್ಲಿ ರಸ್ತೆಯ ಮೇಲ್ಭಾಗಕ್ಕೆ ಕೆರೆಯಷ್ಟು ನೀರು, ಕೆಳಭಾಗದಲ್ಲಿ ಒಣ ನೆಲ. ನೆಲದ ಒರಟುತನ ಹರಿವನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಮ್ಯಾನಿಂಗ್ ಗುಣಾಂಕವನ್ನು 0.035ರಿಂದ 0.06ಕ್ಕೆ ಏರಿಸಿದರೂ, ನೆಲದ ಎತ್ತರದ ನಕ್ಷೆಯ ಚೌಕದ ಅಳತೆಯನ್ನು 5 ಮೀಟರ್‌ನಿಂದ 2ಕ್ಕೆ ಇಳಿಸಿದರೂ ಅದೇ ಕಥೆ. ನೀರು ಹೊರಹೋಗದ ಗುಂಡಿಗಳನ್ನು ನಕ್ಷೆಯಲ್ಲಿ ಅಂಚಿನ ಮಟ್ಟಕ್ಕೆ ಏರಿಸುವ ‘ತಗ್ಗು ತುಂಬುವ’ ಆಜ್ಞೆಯಂತೂ ಹಳ್ಳವನ್ನು ರಸ್ತೆಯ ಮಟ್ಟಕ್ಕೇ ಏರಿಸಿಬಿಟ್ಟಿತು.

ಈ ಎತ್ತರಗಳನ್ನು ಮೇಲಿನಿಂದ ಲೇಸರ್ ಕಿರಣ ಬಿಟ್ಟು ಅಳೆಯುವ ಲೈಡಾರ್‌ಗೆ ರಸ್ತೆಯಡಿಯ ಮೋರಿ ಕಾಣುವುದಿಲ್ಲ. ಅದರ ಪಾಲಿಗೆ ರಸ್ತೆಯೇ ಅಣೆಕಟ್ಟು. ಮೋರಿಯ ಒಳಬಾಯಿಯಿಂದ ಹೊರಬಾಯಿಗೆ ಗೆರೆ ಎಳೆದು, ತುದಿಗಳನ್ನು ಎರಡೆರಡು ಚೌಕ ಆಚೆಗೆ ಚಾಚಿ, ಗೆರೆಯ ಮೇಲಿನ ಎತ್ತರಗಳನ್ನು ಒಳಬಾಯಿಯ ತಳದಿಂದ ಹೊರಬಾಯಿಯ ತಳಕ್ಕೆ ಸಮ ಇಳಿಜಾರಿನಲ್ಲಿ ತಗ್ಗಿಸಿದೆ. ಆಮೇಲಷ್ಟೇ ತಗ್ಗು ತುಂಬುವುದು, ನಂತರ ಹರಿವಿನ ದಿಕ್ಕು, ಕೊನೆಗೆ ಹರಿವಿನ ಸಂಚಯ, ಅಂದರೆ ಪ್ರತಿ ಚೌಕಕ್ಕೆ ಮೇಲಿನ ಎಷ್ಟು ಚೌಕಗಳ ನೀರು ಬಂದು ಸೇರುತ್ತದೆ ಎಂಬ ಲೆಕ್ಕ. ಹಳ್ಳದ ಜಾಡು ರಸ್ತೆ ದಾಟಿತು.

ಎತ್ತರಗಳನ್ನು ಹೀಗೆ ಕೊರೆದು ತಗ್ಗಿಸಿದ್ದು ಜಾಡು ಹಿಡಿಯಲು ಮಾತ್ರ. ನೀರಿನ ಆಳದ ಲೆಕ್ಕಕ್ಕೆ, ನೆರೆಯ ಹರಿವನ್ನು ಲೆಕ್ಕ ಹಾಕುವ ತಂತ್ರಾಂಶವಾದ ಹೆಕ್-ರಾಸ್‌ನಲ್ಲಿ ಮೂಲ ನೆಲವನ್ನೇ ಉಳಿಸಿ, ಮೋರಿಯನ್ನು ಅದರ ನಿಜವಾದ ಅಳತೆಯೊಂದಿಗೆ ಪ್ರತ್ಯೇಕವಾಗಿ ಸೇರಿಸಿದೆ. ಇಲ್ಲದಿದ್ದರೆ ಕೊರೆದ ಜಾಗ ತೆರೆದ ಕಾಲುವೆಯಾಗಿ, ಮೋರಿ ಬಿಡಲಾರದಷ್ಟು ನೀರನ್ನು ಬಿಡುತ್ತದೆ.