ಹಿರಿಯರ ಜೀವನಚರಿತ್ರೆಗೆ ಇಸವಿ ಗೊತ್ತುಮಾಡುವ ಬಗೆ

ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಹಿರಿಯರ ಜೀವನಚರಿತ್ರೆ ಬರೆಯುವಾಗ ನನಗೆ ಹೆಚ್ಚು ಹೊತ್ತು ಹಿಡಿಯುವುದು ಇಸವಿ ಗೊತ್ತುಮಾಡುವ ಕೆಲಸ. ಜಮೀನು ಮಾರಿದ್ದು ಮಗಳ ಮದುವೆಗೆ ಮೊದಲೋ ಆಮೇಲೋ ತಿಳಿಯದಿದ್ದರೆ, ಯಾಕೆ ಮಾರಿದರು ಎಂದು ಬರೆಯಲು ಬರುವುದಿಲ್ಲ.

"ಯಾವ ಇಸವಿ?" ಎಂದು ನೇರವಾಗಿ ಕೇಳುವುದಿಲ್ಲ. ಏನೋ ಒಂದು ಅಂಕಿ ಹೇಳಿ ಆಮೇಲೆ ಅದನ್ನೇ ಹಿಡಿದುಕೊಳ್ಳುತ್ತಾರೆ. ಊರಿಗೆಲ್ಲ ಗೊತ್ತಿರುವ ಘಟನೆ ಎತ್ತಿ ಕೇಳುತ್ತೇನೆ. "ವಿದುರಾಶ್ವತ್ಥದ ಗೋಲಿಬಾರ್ ಆದಾಗ ನೀವು ಹುಟ್ಟಿದ್ರಾ ಅಜ್ಜಿ?" ಅದು 1938ರ ಏಪ್ರಿಲ್ 25. "ಆಣೆ ಹೋಗಿ ನಯಾಪೈಸೆ ಬಂದಾಗ ನಿಮಗೆ ಮದುವೆ ಆಗಿತ್ತಾ?" ಅದು 1957ರ ಏಪ್ರಿಲ್. ಇಲ್ಲಿ ಹಲವರ ಮನೆಮಾತು ತೆಲುಗು. ಅದರಲ್ಲೇ ಹೇಳಲು ಬಿಡುವುದು ಒಳ್ಳೆಯದು.

ಕೆಲವರಿಗೆ ಸಂವತ್ಸರದ ಹೆಸರು ನೆನಪಿರುತ್ತದೆ. ಬಹುಧಾನ್ಯ ಎಂದರೆ 1938–39. ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಯಾವ ಸುತ್ತಿನದು ಎಂದು ನೋಡಬೇಕು. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುತ್ತದೆ, ಆದ್ದರಿಂದ ಬಹುಧಾನ್ಯದ ಮಾಘದಲ್ಲಿ ಆದ ಮದುವೆ 1939ರದ್ದು. ಇಸವಿ ಒಂದು ವರ್ಷ ಹಿಂದೆ ಬೀಳುವುದು ಸಾಮಾನ್ಯವಾಗಿ ಇಲ್ಲೇ.

ಶಾಲೆಯ ದಾಖಲಾತಿಯಲ್ಲಿ ಜನ್ಮದಿನ ಜೂನ್ 1 ಎಂದಿದ್ದರೆ ಅದೊಂದನ್ನೇ ನಂಬುವುದಿಲ್ಲ. ವಯಸ್ಸು ಹೊಂದಿಸಲು ಮೇಷ್ಟ್ರು ಬರೆದುಕೊಂಡದ್ದಿರಬಹುದು.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳ ಕಾಗದ ಹಳೆಯ ಕ್ರಯಪತ್ರ. ಮನೆಯ ಟ್ರಂಕಿನಲ್ಲಿ ಇಲ್ಲದಿದ್ದರೆ ಸರ್ವೆ ನಂಬರ್ ಕೊಟ್ಟು ಇ.ಸಿ. (ಆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ, ಅದರಲ್ಲಿನ ನೋಂದಣಿ ಸಂಖ್ಯೆ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಕೇಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕಿಂತ ಹಿಂದಿನ ಪತ್ರಗಳಲ್ಲಿ ಕೋಲಾರ ಜಿಲ್ಲೆ ಎಂದೇ ಇರುತ್ತದೆ. ತಾರೀಖಿನ ಜೊತೆಗೆ "ಬಿನ್" ಮುಂದೆ ತಂದೆಯ ಹೆಸರು, ಅಂದಾಜು ವಯಸ್ಸು, ಮಾರಿದ ಕಾರಣ, ಕೊನೆಗೆ ಸಹಿಯೋ ಹೆಬ್ಬೆಟ್ಟೋ, ಬಿಕ್ಕಲಂ (ಪತ್ರದ ಬರಹ) ಯಾರದು, ಎಲ್ಲವೂ ಸಿಗುತ್ತವೆ. ಚೆಕ್ಕುಬಂದಿಯನ್ನಂತೂ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರವನ್ನು, ಬಿಡಲೇಬಾರದು. "ಪೂರ್ವಕ್ಕೆ" ಎಂಬಲ್ಲಿ ತಮ್ಮನ ಜಮೀನು ಬೇರೆಯಾಗಿ ಕಾಣಿಸಿದರೆ, ಅಷ್ಟರಲ್ಲಿ ಅಣ್ಣತಮ್ಮಂದಿರಲ್ಲಿ ಭಾಗವಾಗಿರುವ ಸಾಧ್ಯತೆ ಹೆಚ್ಚು. ಅದನ್ನು ತೋರಿಸಿ ಕೇಳಿದರೆ, ಅದುವರೆಗೆ ಬಾಯಿಬಿಡದ ಸಂಗತಿ ಹೊರಬರುವುದುಂಟು. ಕ್ರಯದ ಮೊತ್ತವನ್ನು ಮಾತ್ರ ನಿಜವಾದ ಬೆಲೆ ಎಂದು ಬರೆಯಬೇಡಿ. ನೋಂದಣಿ ಖರ್ಚು ಉಳಿಸಲು ಕಡಿಮೆ ತೋರಿಸುವ ರೂಢಿ ಹಳೆಯದು.

ನೆನಪಿಗೂ ಕಾಗದಕ್ಕೂ ತಾಳೆಯಾಗದಿದ್ದಾಗ "ಸುಮಾರು 1938" ಎಂದು ಬರೆದು, ಅಜ್ಜಿ ಹೇಳಿದ್ದು ಇಷ್ಟು, ದಾಖಲಾತಿಯಲ್ಲಿರುವುದು ಇಷ್ಟು ಎಂದು ಎರಡನ್ನೂ ಅದೇ ಪುಟದಲ್ಲಿ ಕೊಡುತ್ತೇನೆ.