ಅಲ್ಲಾಡುತ್ತಿದ್ದ ಪರ್ಗೋಲಾವನ್ನು ನಾನು ಗಟ್ಟಿ ಮಾಡಿದ್ದು

ಮರದ ಪರ್ಗೋಲಾ, ಅಂದರೆ ಕಂಬಗಳ ಮೇಲೆ ನಿಂತ ತೆರೆದ ಚಪ್ಪರ, ಅಲ್ಲಾಡುತ್ತಿದೆ ಅಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಕಂಬದ ಬುಡಕ್ಕೆ. ರಾಜಾಜಿನಗರದ ನಮ್ಮ ಮನೆ ತಾರಸಿಗೆ ಬಂದು ನೋಡಿದವರೂ ಅದನ್ನೇ ಹೇಳಿದರು. "ಬುಡಕ್ಕೆ ಕಾಂಕ್ರೀಟ್ ಹಾಕ್ಸಿಬಿಡಿ ಸಾರ್, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ." ಆದರೆ ತೊಂದರೆ ಇದ್ದದ್ದು ಮೇಲೆ, ಕಂಬಕ್ಕೂ ತೊಲೆಗೂ ಸೇರುವ ಮೂಲೆಯಲ್ಲಿ.

ನಮ್ಮದು 12 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರ. 4 ಇಂಚಿನ ನಾಲ್ಕು ಕಂಬ, ಅವುಗಳ ತಲೆ ಮೇಲೆ ಸುತ್ತಲೂ ಅಷ್ಟೇ ದಪ್ಪದ ತೊಲೆ, ಅದರ ಮೇಲೆ ಜಂತೆ. ಜಂತೆ ತುಂಬ ಪ್ಯಾಷನ್ ಫ್ರೂಟ್ ಬಳ್ಳಿ. ಬಳ್ಳಿ ಸೊಂಪಾಗಿ ಹಬ್ಬಿದ ಮೇಲೆ ಹಡಗಿನ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಲ್ಲಿ ಪಡುವಣ ಗಾಳಿ ಬಿಡದೆ ಬೀಸುತ್ತದಲ್ಲ, ಆಷಾಢದಲ್ಲಂತೂ ಕೇಳುವುದೇ ಬೇಡ. ತಾರಸಿ ಎತ್ತರದಲ್ಲಿ ಅದನ್ನು ತಡೆಯಲು ಅಡ್ಡ ಒಂದು ಮರವೂ ಇಲ್ಲ.

ಎಲ್ಲಿ ಸಡಿಲ ಅಂತ ಊಹೆ ಮಾಡುತ್ತಾ ಕೂರುವ ಬದಲು ಒಂದು ಪೆನ್ಸಿಲ್ ತೆಗೆದುಕೊಂಡೆ. ತೊಲೆಯಿಂದ ಕಂಬದ ಮೇಲೆ ಹಾದು ಹೋಗುವ ಹಾಗೆ ಒಂದು ಗೆರೆ ಎಳೆದೆ. ಬುಡದಲ್ಲೂ ಹಾಗೇ, ಕಬ್ಬಿಣದ ಪ್ಲೇಟಿನಿಂದ ಕಂಬಕ್ಕೆ. ನನ್ನ ತಮ್ಮ ಕಂಬವನ್ನು ಹಿಡಿದು ತಳ್ಳಿದ, ನಾನು ಏಣಿ ಮೇಲೆ ನಿಂತು ನೋಡಿದೆ. ಬುಡದ ಗೆರೆ ಕದಲಲಿಲ್ಲ. ಮೇಲಿನ ಗೆರೆ ಪ್ರತಿ ಸಲ ತಳ್ಳಿದಾಗಲೂ ಮುರಿದು ಎರಡಾಗುತ್ತಿತ್ತು, ಬಿಟ್ಟರೆ ಮತ್ತೆ ಸೇರುತ್ತಿತ್ತು. ಮೊಳೆ ಸುತ್ತ ಮರ ಸವೆದು ತೂತು ಉದ್ದಕ್ಕೆ ಅಗಲವಾಗಿತ್ತು. ಮಳೆಗೆ ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮೊಳೆ ಎಷ್ಟು ದಿನ ಹಿಡಿದೀತು?

ಇದಕ್ಕೆ ಕಾರಣ ಕಣ್ಣಾರೆ ನೋಡಬೇಕೆಂದರೆ ನಾಲ್ಕು ರೀಪು ತುಂಡು ತಂದು, ಮೂಲೆಗೆ ಒಂದೊಂದೇ ಮೊಳೆ ಹೊಡೆದು ಚೌಕ ಮಾಡಿ. ಬೆರಳಲ್ಲಿ ತಳ್ಳಿದರೂ ಓರೆಯಾಗುತ್ತದೆ. ಮೂರೇ ತುಂಡಿನಲ್ಲಿ ತ್ರಿಕೋನ ಮಾಡಿದರೆ, ಅದೇ ಒಂದೊಂದು ಮೊಳೆ ಇದ್ದರೂ, ಕದಲುವುದಿಲ್ಲ. ಬುಡವನ್ನೇ ಬಿಗಿ ಮಾಡಿ ಇದನ್ನು ತಡೆಯುವುದು ತುಂಬಾ ಕಷ್ಟ. ಪ್ಲೇಟು ಇರುವುದು 6 ಇಂಚು, ಗಾಳಿ ತಳ್ಳುವುದು 8 ಅಡಿ ಮೇಲೆ. ಜೊತೆಗೆ ತಾರಸಿಯಲ್ಲಿ ಜಾಸ್ತಿ ತೂತು ಕೊರೆದರೆ ವಾಟರ್‌ಪ್ರೂಫಿಂಗ್ ಹಾಳಾಗಿ ಕೆಳಗಿನ ಕೋಣೆಗೆ ನೀರು ಇಳಿಯುತ್ತದೆ. ಗಾಳಿ ಎತ್ತದ ಹಾಗೆ ಬುಡ ಹಿಡಿದುಕೊಂಡಿದ್ದರೆ ಸಾಕು. ಅಲ್ಲಿ ನಟ್ಟು ಬಿಗಿ ಇದೆಯಾ ಅಂತ ನೋಡಿ ಬಿಟ್ಟೆ.

ಅಂಗಡಿಯಲ್ಲಿ ಸಿಗುವ ಸಣ್ಣ ಎಲ್ ಕ್ಲಾಂಪ್ ಹೊಡೆಯೋಣ ಅಂದರು ಆಚಾರ್ರು. ನಾನು ಒಪ್ಪಲಿಲ್ಲ. 3 ಇಂಚಿನ ಕ್ಲಾಂಪು ಹಿಡಿಯುವುದೂ 3 ಇಂಚನ್ನೇ. ಸ್ಕ್ರೂ ಮೇಲೆ ವಿಪರೀತ ಭಾರ ಬಿದ್ದು ಅದೂ ಮೊಳೆಯ ದಾರಿಯನ್ನೇ ಹಿಡಿಯುತ್ತದೆ. ಮೂಲೆಯಿಂದ ಎಷ್ಟು ದೂರದಲ್ಲಿ ಹಿಡಿಯುತ್ತೇವೋ ಅಷ್ಟು ಒಳ್ಳೆಯದು. ಆದ್ದರಿಂದ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಿಂದ 4 ಇಂಚು ಅಗಲ, 2 ಇಂಚು ದಪ್ಪದ ಹೊನ್ನೆ ಮರ ತಂದು, ಮೂಲೆಯಲ್ಲಿ ತ್ರಿಕೋನ ಆಗುವ ಹಾಗೆ ಕಂಬದಿಂದ ತೊಲೆಗೆ ಹಾಕುವ ಓರೆ ಪಟ್ಟಿ ಮಾಡಿದೆವು.

ಪಟ್ಟಿ ಹಾಕುವ ಮೊದಲು ಚೌಕ ನೆಟ್ಟಗಾಗಬೇಕು. ಇಲ್ಲದಿದ್ದರೆ ವಾಲಿದ ಪರ್ಗೋಲಾ ವಾಲಿದ ಹಾಗೇ ಗಟ್ಟಿಯಾಗುತ್ತದೆ. ಒಂದು ಕಂಬದ ತಲೆಯಿಂದ ಪಕ್ಕದ ಕಂಬದ ಬುಡಕ್ಕೆ ಟೇಪು ಹಿಡಿದೆವು, ಆಮೇಲೆ ಅದಕ್ಕೆ ಅಡ್ಡವಾಗಿ ಇನ್ನೊಂದು ಕಡೆಯಿಂದ. ಎರಡೂ ಸಮ ಇರಬೇಕು. ಉದ್ದ ಇದ್ದ ಕಡೆ ಲಾರಿಯವರು ಸರಕು ಬಿಗಿಯುವ ಬೆಲ್ಟು ಕಟ್ಟಿ ಸ್ವಲ್ಪ ಸ್ವಲ್ಪವೇ ಎಳೆದೆವು. ತೂಗುಗುಂಡು ಬಿಟ್ಟು ನೋಡಿ, ಕಂಬ ನೆಟ್ಟಗೆ ನಿಂತಾಗ ಬೆಲ್ಟನ್ನು ಹಾಗೇ ಬಿಟ್ಟೆವು. ಪಟ್ಟಿಗಳನ್ನೆಲ್ಲ ಬಿಗಿದ ಮೇಲೇ ಅದನ್ನು ತೆಗೆದದ್ದು.

ಮೂಲೆಯಿಂದ ಕೆಳಕ್ಕೆ 24 ಇಂಚು, ಪಕ್ಕಕ್ಕೆ 24 ಇಂಚಿಗೆ ಬೋಲ್ಟಿನ ಗುರುತು ಹಾಕಿದರೆ ಗುರುತಿನಿಂದ ಗುರುತಿಗೆ ಓರೆಯಲ್ಲಿ 34 ಇಂಚು ಬರುತ್ತದೆ. ಎರಡೂ ತುದಿಗೆ 3 ಇಂಚು ಸೇರಿಸಿ 40 ಇಂಚಿಗೆ ಕೊಯ್ದೆವು. ತೂತು ತುದಿಗೆ ತೀರಾ ಹತ್ತಿರ ಬಂದರೆ ಮರ ಸೀಳುತ್ತದೆ. ಪ್ರತಿ ಕಂಬಕ್ಕೂ ಎರಡು ದಿಕ್ಕಿಗೆ ಎರಡು ಪಟ್ಟಿ ಬೇಕು, ಒಟ್ಟು ಎಂಟು. ಒಂದೇ ದಿಕ್ಕಿಗೆ ಹಾಕಿದರೆ ಇನ್ನೊಂದು ದಿಕ್ಕಿಗೆ ಹಾಗೇ ಅಲ್ಲಾಡುತ್ತಿರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಎರಡು ಪಟ್ಟಿಯ ಬೋಲ್ಟುಗಳೂ ಕಂಬದ ಒಂದೇ ಎತ್ತರದಲ್ಲಿ ಬಂದರೆ ಮರದೊಳಗೆ ಒಂದಕ್ಕೊಂದು ತಾಗುತ್ತವೆ. ಅದಕ್ಕೇ 10 ಅಡಿ ಬದಿಯ ಪಟ್ಟಿಗೆ 24ರ ಬದಲು 27 ಇಂಚಿನ ಗುರುತು ಹಾಕಿದೆವು. ಓರೆ ಅಳತೆ 38 ಇಂಚು ದಾಟುತ್ತದೆ, ಪಟ್ಟಿಯನ್ನೂ ಅದಕ್ಕೆ ತಕ್ಕಂತೆ ಉದ್ದ ಬಿಡಬೇಕು.

ತುದಿಗೊಂದು 12 ಎಂಎಂ ಜಿಐ (ಸತು ಲೇಪಿಸಿದ ಕಬ್ಬಿಣ) ಬೋಲ್ಟು, ಈ ಕಡೆಯಿಂದ ಆ ಕಡೆಗೆ ಪೂರಾ ಹಾದು ಹೋಗುವಂಥದ್ದು. ಎರಡೂ ಬದಿಗೆ ಅಗಲವಾದ ವಾಷರ್, ಇಲ್ಲದಿದ್ದರೆ ನಟ್ಟು ಮರದೊಳಗೆ ಕಚ್ಚಿಕೊಂಡು ಹೋಗುತ್ತದೆ. ಪಟ್ಟಿಯನ್ನು ಕ್ಲಾಂಪಿನಲ್ಲಿ ಬಿಗಿದು, ಕಂಬ ಪಟ್ಟಿ ಎರಡನ್ನೂ ಒಟ್ಟಿಗೇ ಡ್ರಿಲ್ ಮಾಡಿದೆವು. ತೂತುಗಳು ಕೂಡಿ ಬರುವುದು ಹಾಗೆ ಮಾಡಿದರೇ. ಕೊಯ್ದ ತುದಿಗಳಿಗೆಲ್ಲ ವಾರ್ನಿಷ್ ಬಳಿದೆವು, ಮರ ನೀರು ಕುಡಿಯುವುದು ಜಾಸ್ತಿ ಅಲ್ಲೇ.

ಮೇಲಿನಿಂದ ನೋಡಿದರೆ ಜಂತೆ ಇರುವ ಜಾಗವೂ ಒಂದು ಚೌಕವೇ ಅಲ್ವಾ? ಅದೂ ತಿರುಚದಿರಲಿ ಅಂತ ಜಂತೆಗಳ ಅಡಿಯಲ್ಲಿ ಮೂಲೆಯಿಂದ ಮೂಲೆಗೆ ಒಂದು ತೆಳು ಪಟ್ಟಿ ಇಟ್ಟು ಪ್ರತಿ ಜಂತೆಗೂ ಸ್ಕ್ರೂ ಹಾಕಿದೆವು.

ಮತ್ತೆ ಪೆನ್ಸಿಲ್ ಗೆರೆ ಎಳೆದು ತಮ್ಮನಿಂದ ತಳ್ಳಿಸಿದೆ. ಗೆರೆ ಮುರಿಯಲಿಲ್ಲ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ನಟ್ಟು ಸ್ವಲ್ಪ ಸಡಿಲವಾಗುತ್ತದೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಸ್ಪ್ಯಾನರ್ ಹಿಡಿದು ಎಲ್ಲವನ್ನೂ ಇನ್ನೊಂದು ಸುತ್ತು ಬಿಗಿಯುತ್ತೇನೆ.